ಸುರಗಿ ನೀರು ತಣ್ಣಗಿರಲಿ

ಶಿಕಾರಿಪುರ, ೪ ಜನವರಿ ೧೯೫೮, ಶನಿವಾರ

ಗ್ರಾಮಸೇವಕರಿಗೆಂದು ಇಲಾಖೆಯವರು ಈ ವರ್ಷ ತಪ್ಪಿ ಎರಡೆರಡು ಡೈರಿ ಕಳಿಸಿದ್ದಾರೆ. ಒಂದರಲ್ಲಿ ಎಷ್ಟು ಗೊಬ್ಬರದ ಗುಂಡಿ ತೋಡಿಸಿದೆ, ಎಷ್ಟು ರೈತರಿಗೆ ಜಪಾನಿ ಪದ್ಧತಿಯ ಭತ್ತದ ನಾಟಿ ತೋರಿಸಿದೆ ಎಂದು ಬರೆಯಬೇಕು. ಅದನ್ನು ಮೇಲಿನವರು ಓದುತ್ತಾರಂತೆ. ಇನ್ನೊಂದನ್ನು ಯಾರೂ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಸುದ್ದಿ ಏನೆಂದರೆ, ನನಗೆ ಹೆಣ್ಣು ಗೊತ್ತಾಗುವ ಹಾಗಿದೆ! ಮೂವತ್ತಾರು ತುಂಬಿದ ಈ ಜಟ್ಟಪ್ಪನಿಗೆ! ಸೊರಬದ ಕಡೆಯ ಕುಪ್ಪಗಡ್ಡೆ, ಉಚ್ಚಂಗಪ್ಪನವರ ಮಗಳು, ಹೆಸರು ಯಮುನಾ. ವಯಸ್ಸು ಇಪ್ಪತ್ತೆಂಟು. ಈಗಾಗಲೇ ಎಂಟು ಗಂಡುಗಳನ್ನು ಬೇಡ ಎಂದಿದ್ದಾಳಂತೆ. ಇದನ್ನು ಹೇಳುವಾಗ ದುರುಗಕ್ಕ ಧ್ವನಿ ತಗ್ಗಿಸಿದಳು. ನನಗೆ ಮಾತ್ರ ಖುಷಿಯಾಯಿತು. ಎಂಟು ಜನ ಮುಂದೆ ಹೋಗಿರುವಾಗ ಒಂಬತ್ತನೆಯವನಿಗೆ ಅವಮಾನದ ಭಯವೆಲ್ಲಿ?

ದುರುಗಕ್ಕ ಎಂದರೆ ನನ್ನ ಅಕ್ಕ. ಭಾವ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಾಳೆ. ಶನಿವಾರ ಬಂತೆಂದರೆ ನನ್ನನ್ನು ಬಚ್ಚಲಿಗೆ ಎಳೆದು, ಎಣ್ಣೆ ತಿಕ್ಕಿ, ಹಂಡೆಯ ಕುದಿನೀರು ಹಾಕುತ್ತಾಳೆ. ನೀರು ಬಿದ್ದ ಹತ್ತು ನಿಮಿಷಕ್ಕೆ ಶುರು! ಗುಳ್ಳೆಯಿಲ್ಲ, ಗಂಧೆಯಿಲ್ಲ, ಮೈಯೆಲ್ಲ ತುರಿಕೆ, ಕೆಂಪಿರುವೆ ಗೂಡಿನ ಮೇಲೆ ಮಲಗಿದ ಹಾಗೆ. ಮುಕ್ಕಾಲು ಗಂಟೆ ಕುಣಿದಾಡಿ ಆಮೇಲೆ ಮನುಷ್ಯನಾಗುತ್ತೇನೆ. ಎರಡು ವರ್ಷದಿಂದ ಹೀಗೇ.

"ಉಷ್ಣ ಆಗೈತೋ ನಿಂಗೆ," ಎನ್ನುತ್ತಾಳೆ ಅಕ್ಕ. ಉಷ್ಣಕ್ಕೆ ಅವಳ ಔಷಧಿ ಎಣ್ಣೆಸ್ನಾನ. ಹೀಗಾಗಿ ತುರಿಕೆ ಜಾಸ್ತಿಯಾದ ವಾರ ಬುಧವಾರವೂ ಒಂದು ಸ್ನಾನ.

ಉಳಿದಂತೆ ನನಗೇನೂ ಇಲ್ಲ. ಸಣಕಲು ಮೈಯಾದರೂ ಮುಖ ಟೊಮೇಟೊ ಹಣ್ಣು. ಬಿಸಿಲಲ್ಲಿ ಸೈಕಲ್ ತುಳಿಯುವವನಲ್ಲವೇ, ರಕ್ತ ಚೆನ್ನಾಗಿದೆ ಎಂದು ಎಲ್ಲರೂ ಹೊಗಳುತ್ತಾರೆ. ಆಗಾಗ ತಲೆ ಸುತ್ತುವುದು ಪಿತ್ತ. ಕಾಲಿನ ಬೆರಳು ಉರಿಯುವುದು ಚಪ್ಪಲಿಯ ದೋಷ.

೧೨ ಜನವರಿ, ಭಾನುವಾರ

ಹೋಗಿ ಬಂದೆವು. ಅಯ್ಯೋ, ಎಲ್ಲಿಂದ ಬರೆಯಲಿ!

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ಧೂಳು ಕುಡಿದು ಕುಪ್ಪಗಡ್ಡೆ ಮುಟ್ಟಿದಾಗ ಹನ್ನೊಂದು ಗಂಟೆ. ಚಳಿಗಾಲವೆಂದು ಉಚ್ಚಂಗಪ್ಪನವರು ಅಂಗಳದಲ್ಲಿ ಒಂದು ಕೊಳದಪ್ಪಲೆ ತುಂಬ ಬಿಸಿನೀರು ಇಡಿಸಿದ್ದರು. ಮರ್ಯಾದೆಯ ಮನೆ. ನಾನೂ ಮರ್ಯಾದಸ್ಥನಾಗಿ ಮೊಣಕಾಲವರೆಗೆ, ಮೊಣಕೈವರೆಗೆ ತೊಳೆದುಕೊಂಡೆ. ಒಳಗೆ ಹೋಗಿ ಜಮಖಾನದ ಮೇಲೆ ಕೂರುವುದಕ್ಕೂ ತುರಿಕೆ ಹತ್ತಿಕೊಳ್ಳುವುದಕ್ಕೂ ಸರಿಹೋಯಿತು.

ಹೆಣ್ಣಿನ ಮುಂದೆ ಕಾಲು ಕೆರೆದುಕೊಳ್ಳುವುದು ಹೇಗೆ? ಪಂಚೆಯೊಳಗೆ ಒಂದು ಕಾಲಿಂದ ಇನ್ನೊಂದು ಕಾಲು ಉಜ್ಜಿದೆ. ಬೆನ್ನನ್ನು ಕಂಬಕ್ಕೆ ಉಜ್ಜಿದೆ. ಆಗ ಅವಳು ಅವಲಕ್ಕಿ ತಟ್ಟೆ ಹಿಡಿದು ಬಂದಳು. ತಲೆ ತಗ್ಗಿಸಲಿಲ್ಲ. ನೇರ ನನ್ನನ್ನೇ ನೋಡಿ, "ಗೊಬ್ಬರದ ಗುಂಡಿ ಎಷ್ಟು ಆಳ ಇರ್ಬೇಕು?" ಎಂದಳು.

"ಮೂರು ಅಡಿ," ಎಂದೆ.

"ನಿಮ್ಮ ಇಲಾಖೆಯೋರು ಹೇಳಿದ ಅಳತೆಗೇ ತೋಡಿದ್ವಿ. ಮಳೆಗಾಲದಾಗೆ ನಮ್ಮ ಎಮ್ಮೆಕರು ಬಿದ್ದು ಈಜ್ತಿತ್ತು."

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ತಟ್ಟೆ ತೆಗೆದುಕೊಳ್ಳಲು ದಡಕ್ಕನೆ ಎದ್ದೆ. ಮನೆ ಒಂದು ಸುತ್ತು ತಿರುಗಿತು. ಕಂಬ ಹಿಡಿದುಕೊಂಡೆ, ಅವಲಕ್ಕಿ ಉಚ್ಚಂಗಪ್ಪನವರ ಮಡಿಲಿಗೆ ಹೋಯಿತು. ಅವರು ನನ್ನ ಕೆಂಪು ಮುಖ, ಕೆಂಪು ಕಣ್ಣು, ತೂರಾಡುವ ಕಾಲು ಎಲ್ಲವನ್ನೂ ನೋಡಿ, ಮೂಗು ಮುಂದೆ ತಂದು ಗಾಳಿ ಎಳೆದುಕೊಂಡರು. ಏಕೆಂದು ನನಗಿನ್ನೂ ಹೊಳೆದಿಲ್ಲ.

ಅವಳು ನನಗೆ ನಾಲ್ಕು ಲೋಟ ನೀರು ತಂದುಕೊಟ್ಟಳು. ನಾಲ್ಕನ್ನೂ ಕುಡಿದೆ. ಅವಳ ಎಡಗೈ ಬೆರಳಲ್ಲಿ ಹೊಲಿಗೆಯ ಸೂಜಿ ಚುಚ್ಚಿದ ಗುರುತುಗಳಿವೆ. ಸೊರಬದ ಮಹಿಳಾ ಸಮಾಜದಲ್ಲಿ ಹೊಲಿಗೆ ಕಲಿಸುತ್ತಾಳಂತೆ.

ಒಂಬತ್ತನೆಯವನನ್ನು ಬೇಡ ಎಂದರೆ ಅವಮಾನವಿಲ್ಲ ಎಂದು ಬರೆದಿದ್ದೆ. ಆ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ.

೧೬ ಜನವರಿ, ಗುರುವಾರ

ಕಾರ್ಡು ಬಂತು. ಉಚ್ಚಂಗಪ್ಪನವರಿಗೆ ಅಕ್ಷರ ಬರದು, ಯಾರಿಂದಲೋ ಬರೆಸಿದ್ದಾರೆ. ಕಾರ್ಡಾದ್ದರಿಂದ ಅಂಚೆಯವನೂ ನಮ್ಮ ಬೀದಿಯೂ ನನಗಿಂತ ಮೊದಲೇ ಓದಿ ಮುಗಿಸಿದ್ದರು. "ಹುಡುಗ ಒಳ್ಳೆಯವನು. ಆದರೆ ಕುಡಿಯುತ್ತಾನೆ. ನನ್ನ ತಮ್ಮನೂ ಕುಡಿಯುತ್ತಿದ್ದ, ಬಿಟ್ಟ. ನಿಮ್ಮೂರ ಹುಚ್ಚರಾಯಸ್ವಾಮಿ ಮುಂದೆ ಬಿಟ್ಟೆ ಅಂತ ಪ್ರಮಾಣ ಮಾಡಿದರೆ ಮಾತು ಮುಂದುವರಿಸುವ."

ದುರುಗಕ್ಕ ಕಾರ್ಡನ್ನು ಒಲೆಗೆ ಹಾಕಿದಳು. "ನನ್ನ ತಮ್ಮ ಮಜ್ಜಿಗೆ ಹುಳಿ ಆದ್ರೆ ಕುಡ್ಯಾಂಗಿಲ್ಲ, ಅವ್ನಿಗೆ ಸಾರಾಯಿ ಅಂತಾರಲ್ಲ!"

ನಾನು ಯೋಚಿಸಿದೆ. ಕುಡಿಯುವುದಿಲ್ಲ ಎಂದರೆ, ಮತ್ತೆ ಆ ತೂರಾಟ ಏನು, ಆ ಕಣ್ಣು ಏನು ಎಂದು ಕೇಳುತ್ತಾರೆ. ಏನೋ ಕಾಯಿಲೆ ಇರಬೇಕು ಎಂದುಕೊಳ್ಳುತ್ತಾರೆ. ಕಾಯಿಲೆಯ ಗಂಡಿಗೆ ಯಾರು ಹೆಣ್ಣು ಕೊಡುತ್ತಾರೆ? ಕುಡಿತವಾದರೆ ಬಿಡಬಹುದು. ನಾನಂತೂ ಸುಲಭವಾಗಿ ಬಿಡಬಲ್ಲೆ.

೨೬ ಜನವರಿ, ಭಾನುವಾರ

ಬೆಳಿಗ್ಗೆ ಧ್ವಜ ಹಾರಿಸಿ, ಹತ್ತು ಗಂಟೆಗೆ ಕುಡಿತ ಬಿಟ್ಟೆ.

ಹುಚ್ಚರಾಯಸ್ವಾಮಿಯ ಮುಂದೆ ತೆಂಗಿನಕಾಯಿ ಒಡೆದು, "ಈ ಕ್ಷಣದಿಂದ ಹೆಂಡ, ಸಾರಾಯಿ ಮುಟ್ಟುವುದಿಲ್ಲ" ಎಂದೆ. ಒಂದಕ್ಷರ ಸುಳ್ಳಿಲ್ಲ, ಸ್ವಾಮಿಗೆ ಗೊತ್ತು. ಸ್ವಾಮಿಯ ಮುಖದಲ್ಲಿ ಸಣ್ಣ ನಗು ಕಂಡಿತೆಂದು ನನ್ನ ಭಾವನೆ. ಪ್ರಮಾಣ ನೋಡಲೆಂದೇ ಬಂದಿದ್ದ ಉಚ್ಚಂಗಪ್ಪನವರು ನನ್ನ ಬೆನ್ನು ತಟ್ಟಿ, "ಯುಗಾದಿವರೆಗೆ ನೋಡಾಣ. ತಡಕಂಡ್ರೆ ಮಗಳ್ನ ಕೊಟ್ಟೆ ಅಂತಲೇ ಲೆಕ್ಕ" ಎಂದು ಬಸ್ಸು ಹತ್ತಿದರು.

ಊರಿಗೆ ಊರೇ ನನ್ನನ್ನು ಹೊಗಳುತ್ತಿದೆ! ಐದು ವರ್ಷ ಜೊತೆಯಲ್ಲಿ ಕೆಲಸ ಮಾಡಿದ ಗ್ರಾಮಸೇವಕ ಗೋಪಾಲಪ್ಪ, "ನಂಗೆ ಮೊದ್ಲಿಂದ್ಲೂ ಗೊತ್ತಿತ್ತು ಬಿಡ್ರಿ. ಆದ್ರೂ ಗಂಡಸು ನೀವು, ಬಿಟ್ರಿ" ಎಂದು ಕೈ ಕುಲುಕಿದ. ಅವನು ಪಾನನಿರೋಧ ಸಂಘದ ಕಾರ್ಯದರ್ಶಿ ಬೇರೆ. ಮುಂದಿನ ತಿಂಗಳು ಸೊರಬದ ಸಭೆಯಲ್ಲಿ ನನ್ನ ಭಾಷಣವಂತೆ. ವಿಷಯ: ನಾನು ಕುಡಿತವನ್ನು ಗೆದ್ದ ಬಗೆ.

೫ ಫೆಬ್ರವರಿ, ಬುಧವಾರ

ತಲೆ ಭಾರ. ಬೆರಳು ಬೆಂಕಿ. ಅಕ್ಕ ಕಾಂಪೌಂಡರ ಹತ್ತಿರ ಕಬ್ಬಿಣದ ಟಾನಿಕ್ಕು ತಂದು ಕುಡಿಸುತ್ತಿದ್ದಾಳೆ. ಇವತ್ತೂ ಬಿಸಿನೀರು. ಕುಣಿದೆ.

ಸೊರಬ, ೧೬ ಫೆಬ್ರವರಿ, ಭಾನುವಾರ

ಮಹಿಳಾ ಸಮಾಜದ ಜಗುಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಬಸ್ಸಿಗೆ ಇನ್ನೂ ಎರಡು ಗಂಟೆ ಇದೆ. ಹೆದರಬೇಕೋ ಸಂತೋಷಪಡಬೇಕೋ ತಿಳಿಯದು.

ಸಭೆಗೆ ಇನ್ನೂರು ಜನ ಸೇರಿದ್ದರು. ಉಚ್ಚಂಗಪ್ಪನವರು ಎದುರಿಗೇ ಕೂತಿದ್ದರು. "ಮಹನೀಯರೇ, ಕುಡಿತ ಮನುಷ್ಯನನ್ನು ನೆಲಕ್ಕೆ ಕೆಡವುತ್ತದೆ" ಎಂದು ಶುರು ಮಾಡಿದೆ. ವಾಕ್ಯ ಮುಗಿಯಿತು, ನಾನು ನೆಲಕ್ಕೆ ಬಿದ್ದೆ. ಮೇಜು, ಹೂಜಿ, ಅಧ್ಯಕ್ಷರ ಹಾರ, ಎಲ್ಲ ನನ್ನ ಮೇಲೆ.

"ಇವತ್ತೂ ಹಾಕ್ಯಾನ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಭೆ ಹೋ ಎಂದಿತು.

ಕಣ್ಣು ಬಿಟ್ಟಾಗ ಯಮುನಾ ನನ್ನ ಪಕ್ಕದಲ್ಲಿ ಮಂಡಿಯೂರಿದ್ದಳು. ಇನ್ನೂರು ಜನರ ಮುಂದೆ, ಹೆತ್ತ ಅಪ್ಪನ ಮುಂದೆ, ನನ್ನ ಬಾಯಿಯ ಹತ್ತಿರ ಮೂಗು ತಂದು ಮೂಸಿದಳು! ಆಮೇಲೆ ಎದ್ದು ನಿಂತು, "ವಾಸನೆ ಇಲ್ಲ. ಕುಡಿದಿಲ್ಲ" ಎಂದು ಗಟ್ಟಿಯಾಗಿ ಹೇಳಿದಳು.

"ಹಂಗಾರೆ ಬಿದ್ದದ್ದು ಎಂತಕ್ಕೆ?" ಎಂದರು ಉಚ್ಚಂಗಪ್ಪ.

ನಾನು ತಕ್ಷಣ "ಉಪವಾಸ" ಎಂದುಬಿಟ್ಟೆ. ಬಿಟ್ಟದ್ದರ ನೆನಪಿಗೆ ಭಾನುವಾರದ ವ್ರತ ಎಂದೂ ಸೇರಿಸಿದೆ. ಜನ ಚಪ್ಪಾಳೆ ಹೊಡೆದರು. ಈಗ ನಾನು ಮಹಾತ್ಮ.

ಯಮುನಾ ಚಪ್ಪಾಳೆ ಹೊಡೆಯಲಿಲ್ಲ. ಬೆಳಿಗ್ಗೆ ಗೋಪಾಲಪ್ಪನೂ ನಾನೂ ಹೋಟೆಲಿನಲ್ಲಿ ದೋಸೆ ತಿನ್ನುವುದನ್ನು ನೋಡಿದ್ದಳಂತೆ. "ಬನ್ನಿ" ಎಂದು ನಮ್ಮಿಬ್ಬರನ್ನೂ ಜ್ವರದ ಡಾಕ್ಟರ ಬಿಡಾರಕ್ಕೆ ಕರೆದುಕೊಂಡು ಹೋದಳು. ಕ್ಯಾಸನೂರು ಕಾಡಿನಲ್ಲಿ ಮಂಗ ಸತ್ತು ಜನಕ್ಕೆ ಜ್ವರ ಬಂದಾಗಿನಿಂದ ಡಾಕ್ಟರುಗಳು ಜೀಪಿನಲ್ಲಿ ಬಂದು ಊರೂರಿನವರ ರಕ್ತ ತೆಗೆಯುತ್ತಿದ್ದಾರಲ್ಲ, ಅದೇ ಬಿಡಾರ. ಹೆಂಗಸರು ಕೈ ಕೊಡುವುದಿಲ್ಲ ಎಂದು, ಅವರ ಪಕ್ಕ ಕೂತು ಧೈರ್ಯ ಹೇಳಿ ಹೆಸರು ಬರೆಯಲು ಇವಳನ್ನು ಇಟ್ಟುಕೊಂಡಿದ್ದಾರೆ. ಈ ಎರಡು ತಿಂಗಳಲ್ಲಿ ಅವಳು ನೋಡಿದಷ್ಟು ರಕ್ತ ನಮ್ಮ ತಾಲ್ಲೂಕಿನಲ್ಲಿ ಇನ್ನಾರೂ ನೋಡಿರಲಾರರು.

ಡಾಕ್ಟರು ಚಿಕ್ಕ ವಯಸ್ಸಿನವರು, ದಪ್ಪ ಕನ್ನಡಕ. ನನ್ನ ತೋಳಿಗೆ ಸೂಜಿ ಚುಚ್ಚಿದರು. ಎಳೆದರೆ ರಕ್ತ ಬರಲೊಲ್ಲದು. ಬಂದದ್ದು ಬೆಲ್ಲದ ಕಾಕಂಬಿಯ ಹಾಗೆ ಗಟ್ಟಿ. ಗಾಜಿನ ನಳಿಗೆಯಲ್ಲಿ ಹಾಕಿ ಯಂತ್ರದಲ್ಲಿ ಗಿರ್ರನೆ ತಿರುಗಿಸಿದರು. ಬೇರೆಯವರ ನಳಿಗೆಗಳಲ್ಲಿ ಮೇಲರ್ಧ ತಿಳಿ, ಕೆಳಗರ್ಧ ಕೆಂಪು. ನನ್ನದರಲ್ಲಿ ಮುಕ್ಕಾಲು ಪಾಲು ಕೆಂಪು.

"ತಿಳಿ ಎಷ್ಟು ಕಮ್ಮಿ ನೋಡ್ರಿ," ಎಂದಳು ಯಮುನಾ.

ಡಾಕ್ಟರು ನನ್ನ ಎಡ ಪಕ್ಕೆಯ ಕೆಳಗೆ ಒತ್ತಿ ನೋಡಿದರು. ಒಳಗೆ ಏನೋ ಗಟ್ಟಿ ಇದೆ, ಗುಲ್ಮ ದೊಡ್ಡದಾಗಿದೆ ಎಂದರು. ಆಮೇಲೆ ಕನ್ನಡಕ ತೆಗೆದು, "ಸ್ನಾನವಾದ ಮೇಲೆ ಮೈ ತುರಿಸುತ್ತದೆಯೇ?" ಎಂದು ಕೇಳಿದರು.

ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ನನಗೆ ಅಳು ಬಂತು. "ಬಿಸಿನೀರಿಗೆ" ಎಂದೆ. ಬೆರಳಿನ ಉರಿ, ತಲೆಯ ಭಾರ, ಹೋದ ತಿಂಗಳು ಮೂಗಿನಿಂದ ರಕ್ತ ಸುರಿದದ್ದು, ಎಲ್ಲ ಹೇಳಿದೆ. ಗೋಪಾಲಪ್ಪ ಬಾಯಿ ತೆರೆದು ಕೂತಿದ್ದ. "ಮತ್ತೆ ಕುಡಿತಿದ್ದದ್ದು?" ಎಂದ. ಅವನಿಗೆ ನಿಜವಾಗಿ ದುಃಖವಾಯಿತು.

ರೋಗಕ್ಕೆ ಒಂದು ಗಜ ಉದ್ದದ ಹೆಸರಿದೆ. ಸಾರಾಂಶ ಇಷ್ಟು: ಊರಿಗೆಲ್ಲ ರಕ್ತ ಕಡಿಮೆ, ನನಗೊಬ್ಬನಿಗೆ ಹೆಚ್ಚು. ಕೆಂಪು ಕಣ ಮಿತಿಮೀರಿ ಹುಟ್ಟುತ್ತವೆ, ರಕ್ತ ಗಟ್ಟಿಯಾಗುತ್ತದೆ. ಎಲ್ಲಾದರೂ ಹೆಪ್ಪುಗಟ್ಟಿದರೆ ಒಂದು ಪಕ್ಕ ಬಿದ್ದುಹೋಗಬಹುದು, ಪ್ರಾಣವೂ ಹೋಗಬಹುದು. ವಾಸಿಯಾಗುವುದಿಲ್ಲ. ಆದರೆ ಹತೋಟಿಯಲ್ಲಿ ಇಡಬಹುದು. ಹೇಗೆಂದರೆ ರಕ್ತ ತೆಗೆದು ಚೆಲ್ಲಬೇಕು! ಮೊದಲು ಹದಿನೈದು ದಿನಕ್ಕೊಮ್ಮೆ, ಆಮೇಲೆ ನೋಡಿಕೊಂಡು. ಟಾನಿಕ್ಕು ಬಂದ್. ಬಿಸಿನೀರು ಬಂದ್. ಮೈ ತಿಕ್ಕಬಾರದು, ಬಟ್ಟೆಯಲ್ಲಿ ಒತ್ತಿ ಒರೆಸಬೇಕು. ನೀರು ಹೆಚ್ಚು ಕುಡಿಯಬೇಕು. ಮಾತು ತೊದಲಿದರೆ, ಒಂದು ಕೈ ಸೋತರೆ, ಒಂದು ಕಾಲಿನ ಮೀನಖಂಡ ಊದಿ ನೊಂದರೆ ಎಲ್ಲ ಬಿಟ್ಟು ಓಡಿ ಬರಬೇಕು. ಖಚಿತ ಮಾಡಿಕೊಳ್ಳಲು ತಮ್ಮ ಗುರುಗಳಿಗೂ ನನ್ನ ರಕ್ತ ಕಳಿಸಿದ್ದಾರೆ.

ಅಲ್ಲೇ ಒಂದು ಸೀಸೆ ತೆಗೆದರು. ಅರ್ಧ ಗಂಟೆಯಲ್ಲಿ ತಲೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಇಷ್ಟು ಹಗುರವಾಗಿ ನಾನು ಹೋದ ವರ್ಷವೆಲ್ಲ ಇರಲಿಲ್ಲ! ಸೀಸೆಯನ್ನು ಚರಂಡಿಗೆ ಸುರಿಯಲು ಹೊರಟರು, ನಾನು ತಡೆದೆ. ರಕ್ತ ಒಳ್ಳೆಯ ಗೊಬ್ಬರ, ಇಲಾಖೆಯ ಕೈಪಿಡಿಯಲ್ಲೇ ಇದೆ. ಯಮುನಾ ನಕ್ಕು ನಕ್ಕು ಅದನ್ನು ಮಹಿಳಾ ಸಮಾಜದ ನಿಂಬೆಗಿಡದ ಬುಡದಲ್ಲಿ ಹೂಳಿದಳು.

ಶಿಕಾರಿಪುರ, ೨೧ ಫೆಬ್ರವರಿ, ಶುಕ್ರವಾರ

ಗುರುಗಳೂ ಹೌದು ಎಂದಿದ್ದಾರೆ.

ಯಮುನಾ ಒಂದು ಹಾಳೆಯಲ್ಲಿ ಕಾಲಂ ಗೆರೆ ಹಾಕಿ, ಪ್ರತಿದಿನ ತುಂಬಬೇಕು ಎಂದು ಕಳಿಸಿದ್ದಾಳೆ. ತಲೆನೋವು, ತುರಿ, ಬೆರಳಿನ ಉರಿ, ತಲೆಸುತ್ತು, ಕಾರಣ. ಅದನ್ನು ಈ ಡೈರಿಯಲ್ಲೇ ಅಂಟಿಸಿ, ಅದರಂತೆ ಬರೆಯುತ್ತೇನೆ. ಜೊತೆಗೆ ಒಂದು ಚೀಟಿ: "ಅಪ್ಪಗೆ ನೀವೇ ಹೇಳಬೇಕು. ನಾನು ಹೇಳಿದರೆ ಮರುಳಾಗಿದ್ದಾಳೆ ಅಂತಾರೆ."

ಹೇಗೆ ಹೇಳಲಿ? ರಕ್ತದ ಕಾಯಿಲೆ ಎಂದ ಕೂಡಲೇ ಜನ ಏನೇನು ಎಣಿಸುತ್ತಾರೆಂದು ನನಗೆ ಗೊತ್ತಿಲ್ಲವೇ! ವಾಸಿಯಾಗುವುದಿಲ್ಲ ಎಂದರೆ ಅಲ್ಲಿಗೆ ಮುಗಿಯಿತು. ಯುಗಾದಿವರೆಗೆ ಬೀಳದೆ ನಿಂತರೆ ಸಾಕು, ಅವಳು ನನ್ನವಳು. ಮದುವೆಯಾದ ಮೇಲೆ ಹೇಳಿದರಾಗದೇ? ಗೋಪಾಲಪ್ಪನಿಗೆ ಬಾಯಿ ಬಿಡಬೇಡ ಎಂದು ಆಣೆ ಹಾಕಿಸಿದ್ದೇನೆ. ಅಕ್ಕನಿಗೂ ಹೇಳಿಲ್ಲ, ಅವಳು ಕೊಡುವ ಟಾನಿಕ್ಕನ್ನು ಕದ್ದು ಚೆಲ್ಲುತ್ತಿದ್ದೇನೆ.

೨ ಮಾರ್ಚ್, ಭಾನುವಾರ

ಎರಡನೆಯ ಸೀಸೆ. ನಿಂಬೆಗಿಡ ಚಿಗುರಿದೆ. ತಲೆನೋವು: ಇಲ್ಲ. ತುರಿ: ಶನಿವಾರದ ಬಿಸಿನೀರಿಗೆ, ಅರ್ಧ ಗಂಟೆ. ಬೆರಳು: ಎಡಗಾಲು, ಸ್ವಲ್ಪ. ತಲೆಸುತ್ತು: ಇತ್ತು. ಕಾರಣ: ಅವಳು ನೀಲಿ ಸೀರೆ ಉಟ್ಟಿದ್ದಳು.

೬ ಮಾರ್ಚ್, ಗುರುವಾರ

ತಲೆನೋವು: ಇಲ್ಲ. ತುರಿ: ಇಲ್ಲ, ಸ್ನಾನವೇ ಇಲ್ಲ. ಬೆರಳು: ಇಲ್ಲ. ತಲೆಸುತ್ತು: ಇತ್ತು. ಕಾರಣ: ಅವಳ ಚೀಟಿ ಬಂತು. ಅದರಲ್ಲಿ ಇದ್ದದ್ದು "ನೀರು ಕುಡಿಯಿರಿ" ಎಂದಷ್ಟೇ. ಆದರೂ.

೧೬ ಮಾರ್ಚ್, ಭಾನುವಾರ

ಮೂರನೆಯ ಸೀಸೆ. ಮುಖದ ಕೆಂಪು ಇಳಿದಿದೆ. ಕುಡಿತ ಬಿಟ್ಟದ್ದು ಮುಖದಲ್ಲೇ ಗೊತ್ತಾಗುತ್ತದೆ ಎಂದು ಅಂಚೆಯವನು ಹೇಳಿದ. "ಇನ್ನೂ ಹೇಳಿಲ್ವಾ?" ಎಂದು ಅವಳು ಕೇಳಿದಳು. ಹೇಳುತ್ತೇನೆ ಎಂದೆ. ಅವಳು ಇವತ್ತು ನಗಲಿಲ್ಲ.

೨೧ ಮಾರ್ಚ್, ಶುಕ್ರವಾರ, ಯುಗಾದಿ

ವಿಳಂಬಿ ಸಂವತ್ಸರ ಹುಟ್ಟಿತು. ಮೂವತ್ತಾರಕ್ಕೆ ಮದುವೆಗೆ ಹೊರಟವನಿಗೆ ತಕ್ಕ ವರ್ಷ.

ಅಕ್ಕ ನಸುಕಿಗೇ ಎಬ್ಬಿಸಿ ಎಣ್ಣೆ ಹಚ್ಚಿದಳು. ಇಷ್ಟು ದಿನ ಏನೇನೋ ನೆಪ ಹೇಳಿ ತಪ್ಪಿಸಿಕೊಳ್ಳಲು ನೋಡಿದ್ದೆ. ಹಬ್ಬದ ದಿನ ಯಾವ ನೆಪ? ಎರಡು ಕೊಡ ಹೆಚ್ಚೇ ಹಾಕಿದಳು. ಬಚ್ಚಲ ಗೋಡೆಗೆ ಬೆನ್ನು ಉಜ್ಜಿ ಉಜ್ಜಿ ಚರ್ಮ ಕಿತ್ತು ರಕ್ತ ಬಂತು. ಅಕ್ಕ ಅರಿಶಿನ ಹಚ್ಚುತ್ತ, "ನಾಳೆನೂ ಒಂದು ಸ್ನಾನ ಹಾಕ್ತೀನಿ ತಡಿ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನಗಿನ್ನು ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ.

ಅವಳು ಅರಿಶಿನದ ಬಟ್ಟಲು ಕೆಳಗಿಟ್ಟಳು. ಆಮೇಲೆ ಹಂಡೆಯ ಒಲೆಯಿಂದ ಕೊಳ್ಳಿಗಳನ್ನು ಒಂದೊಂದೇ ಹೊರಗೆಳೆದು ನೀರು ಹೊಯ್ದಳು. "ಎರಡು ವರ್ಷ, ಜಟ್ಟಿ. ವಾರ ವಾರ ನಾನೇ ನಿನ್ನ ಮೈಗೆ ಬೆಂಕಿ ಹಾಕ್ದೆ. ಗೊತ್ತಾದ ಮೇಲಾದ್ರೂ ಒಂದು ಮಾತು ಹೇಳ್ಬಾರ್ದಾ?"

ಹೇಳಬೇಕಿತ್ತು. ನಾನು ಹೇಳದೆ ಇದ್ದದ್ದರಿಂದ ಅವಳ ಪ್ರೀತಿಯೇ ನನಗೆ ಬರೆ ಹಾಕಿತು. ಇವತ್ತು ಬೆವರಿದ್ದು ರೋಗಕ್ಕಲ್ಲ, ನಾಚಿಕೆಗೆ. ನಾಡಿದ್ದು ಕುಪ್ಪಗಡ್ಡೆಗೆ ಹೋಗುತ್ತೇನೆ.

೨೩ ಮಾರ್ಚ್, ಭಾನುವಾರ

ತಲೆನೋವು: ಇಲ್ಲ. ಉಳಿದದ್ದು ಕಾಲಮ್ಮಿನಲ್ಲಿ ಹಿಡಿಸದು.

ಉಚ್ಚಂಗಪ್ಪನವರು ಅಂಗಳದಲ್ಲಿ ನೊಗಕ್ಕೆ ಹಗ್ಗ ಹೊಸೆಯುತ್ತಿದ್ದರು. "ಬನ್ನಿ ಬನ್ನಿ, ತಡಕಂಡ್ರಿ!" ಎಂದು ಎದ್ದರು. ತಾಂಬೂಲದ ತಟ್ಟೆ ತರಲು ಒಳಗೆ ಕೂಗಿಯೂ ಬಿಟ್ಟರು. ಅದು ಬರುವುದಕ್ಕೆ ಮುಂಚೆ ಹೇಳದಿದ್ದರೆ ನಾನು ಯಾವತ್ತೂ ಹೇಳುವುದಿಲ್ಲ ಎಂದು ಗೊತ್ತಾಯಿತು.

"ನಾನು ಯಾವತ್ತೂ ಕುಡಿದೇ ಇಲ್ಲ," ಎಂದೆ. ನಳಿಗೆಯ ಕಥೆ, ಸೀಸೆಯ ಕಥೆ, ಹೆಪ್ಪುಗಟ್ಟಿದರೆ ಏನಾಗುತ್ತದೆ ಎಂಬುದು, ಯಾವುದನ್ನೂ ಬಿಡಲಿಲ್ಲ.

ಅವರಿಗೆ ಮೊದಲು ಸಿಟ್ಟು ಬಂದದ್ದು ರೋಗಕ್ಕಲ್ಲ, ಪ್ರಮಾಣಕ್ಕೆ. "ದೇವ್ರ ಮುಂದೆ ನಿಂತು, ಇಲ್ಲದ ಚಟ ಬಿಟ್ಟೆ ಅಂದ್ಯಲ್ಲ ಮಾರಾಯ! ನಾನು ಊರೆಲ್ಲ ಸಾರಿಕೊಂಡು ಬಂದೆ!" ಆಮೇಲೆ ಹಗ್ಗ ಕೆಳಗಿಟ್ಟು, "ವಾಸಿ ಆಗ್ತದಾ?" ಎಂದರು.

"ಇಲ್ಲ."

"ಎಷ್ಟು ವರ್ಷ?"

"ನೋಡಿಕೊಂಡರೆ ಹತ್ತು, ಹದಿನೈದು. ಹೆಚ್ಚೂ ಆಗಬಹುದು ಅಂದಿದ್ದಾರೆ. ನೋಡಿಕೊಳ್ಳದಿದ್ದರೆ ಗೊತ್ತಿಲ್ಲ."

"ನೋಡ್ಕಂತೀಯ ಅಂತ ನಾನು ಹ್ಯಾಂಗೆ ನಂಬೂದು? ಒಂದು ಸಲ ಸುಳ್ಳು ಹೇಳಿದೋನು ನೀನು."

ಚೀಲದಿಂದ ಈ ಡೈರಿ ತೆಗೆದುಕೊಟ್ಟೆ. ಲಕ್ಷಣಗಳನ್ನೆಲ್ಲ ಇದರಲ್ಲಿ ಬರೆದಿದೆ ಎಂದೆ. ಆ ಹೊತ್ತಿಗೆ ಅದರಲ್ಲಿ ಮತ್ತೇನು ಬರೆದಿದ್ದೇನೆ ಎಂಬುದೇ ಮರೆತುಹೋಗಿತ್ತು! ಅವರು ಅದನ್ನು ತಾಂಬೂಲದ ತಟ್ಟೆ ಹಿಡಿದು ನಿಂತಿದ್ದ ಯಮುನಾಳ ಕೈಗೆ ಕೊಟ್ಟು, ಓದು ಎಂದರು.

ಅವಳು ಹೊಲಿಗೆ ಪಾಠದ ಧ್ವನಿಯಲ್ಲಿ ಓದಿದಳು. "ತಲೆನೋವು, ಇಲ್ಲ. ಬೆರಳು, ಎಡಗಾಲು, ಸ್ವಲ್ಪ. ತಲೆಸುತ್ತು, ಇತ್ತು. ಕಾರಣ..." ಅಲ್ಲಿ ನಿಂತಳು.

"ಎಂತ ಕಾರಣ? ಓದು."

"ಅವಳು ನೀಲಿ ಸೀರೆ ಉಟ್ಟಿದ್ದಳು."

ನಾನು ನೆಲ ನೋಡಿದೆ. ಕೊಟ್ಟಿಗೆಯಲ್ಲಿ ಎಮ್ಮೆಕರು ಕೂಗಿತು. ಉಚ್ಚಂಗಪ್ಪ, "ಮುಂದೆ?" ಎಂದರು. ಅವಳು ಪುಟ ತಿರುಗಿಸಿದಳು. ಅವಳ ಮುಖ ಈಗ ನನ್ನ ಹಳೆಯ ಮುಖಕ್ಕಿಂತ ಕೆಂಪಾಗಿತ್ತು. "ಕಾರಣ, ಅವಳ ಚೀಟಿ ಬಂತು."

"ಇದಕ್ಕೂ ರಕ್ತ ತೆಗೀತಾರಾ?" ಎಂದು ಕೇಳಿದರು ಉಚ್ಚಂಗಪ್ಪ. ಮೀಸೆಯ ಒಳಗೆ ನಗುತ್ತಿದ್ದರು. ಆಮೇಲೆ ನಗು ನಿಲ್ಲಿಸಿ ಮಗಳ ಕಡೆ ತಿರುಗಿದರು. "ಕೇಳಿದ್ಯಲ್ಲ. ವಾಸಿ ಆಗೂದಿಲ್ಲ. ನಾಳೆ ನಿಂಗೆ ಕಷ್ಟ ಬಂದ್ರೆ ನನ್ನ ಕೈಲಿ ತಡಿಯಾಕಾಗೂದಿಲ್ಲ."

"ಎಂಟು ಜನ ಬಂದಿದ್ರು ಅಪ್ಪ. ಒಬ್ಬನಾದ್ರೂ ತಂಗೆ ಹಿಂಗೈತೆ ಅಂತ ಬಾಯಿ ಬಿಟ್ನಾ? ಇವ್ರು ತಡ ಮಾಡಿದ್ರು. ಆದ್ರೂ ಹೇಳಿದ್ರು," ಎಂದು ತಟ್ಟೆಯನ್ನು ನನ್ನ ಮುಂದೆ ಇಟ್ಟಳು.

ಮದುವೆ ಮೇ ತಿಂಗಳಲ್ಲಿ.

೨೦ ಏಪ್ರಿಲ್, ಭಾನುವಾರ

ಒಂದು ತೊಡಕು ಬಂದಿದೆ. ಮದುವೆಯ ಬೆಳಿಗ್ಗೆ ಸುರಗಿ ನೀರಿನ ಶಾಸ್ತ್ರವಿದೆಯಲ್ಲ? ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಗಂಡು ಹೆಣ್ಣನ್ನು ಕೂರಿಸಿ ಮುತ್ತೈದೆಯರು ಎಣ್ಣೆ ಅರಿಶಿನ ಹಚ್ಚಿ ಬಿಸಿನೀರು ಹಾಕಬೇಕು. ತಣ್ಣೀರು ಹಾಕಿ ಎಂದು ಹೇಳಿಕಳಿಸಿದ್ದಕ್ಕೆ ಕುಪ್ಪಗಡ್ಡೆಯ ಹೆಂಗಸರು ಕೆಂಡವಾಗಿದ್ದಾರೆ. ತಲೆಗೆ ತಣ್ಣೀರು ಹಾಕಿಕೊಳ್ಳುವುದು ಸಾವಿನ ಮನೆಯಿಂದ ಬಂದಾಗ. ಮದುಮಗನಿಗೆ ಹಾಕಿದರೆ ಯಮುನಾಳ ಕುಂಕುಮಕ್ಕೆ ಕೇಡು ಎನ್ನುತ್ತಾರೆ. ನಾನು, ಒಂದು ದಿನ ತಾನೇ, ತುರಿಸಿಕೊಂಡು ತಾಳಿ ಕಟ್ಟುತ್ತೇನೆ ಎಂದೆ. ಅದಕ್ಕೆ ಯಮುನಾಳಿಂದ ಚೀಟಿ: "ಮತ್ತೆ ಮುಚ್ಚಿಡೋಕೆ ಶುರು ಮಾಡಿದ್ರಾ?"

ತುರಿ: ಇಲ್ಲ. ಬೆರಳು: ಇಲ್ಲ.

ಕುಪ್ಪಗಡ್ಡೆ, ೭ ಮೇ, ಬುಧವಾರ

ಮದುವೆಯಾಯಿತು! ಊಟಕ್ಕೆ ಕೂತವರು ಇನ್ನೂ ಎದ್ದಿಲ್ಲ, ನಾನು ಬರೆಯಲು ಕೂತಿದ್ದೇನೆ.

ಬೆಳಿಗ್ಗೆ ಸುರಗಿಯ ನೂಲಿನೊಳಗೆ ನಮ್ಮಿಬ್ಬರನ್ನೂ ಮಣೆಯ ಮೇಲೆ ಕೂರಿಸಿದರು. ಒಂದು ಕಡೆ ಹೊಗೆಯಾಡುವ ಹಂಡೆ, ಇನ್ನೊಂದು ಕಡೆ ಬಾವಿಯಿಂದ ಸೇದಿದ ಕೊಡ. ಯಮುನಾಳ ಸೋದರತ್ತೆ ಬಸಕ್ಕ ಬಿಸಿನೀರಿನ ತಂಬಿಗೆ ಎತ್ತಿಕೊಂಡಳು. "ಶುಭದ ದಿನ ತಣ್ಣೀರು ನಾ ಮುಟ್ಟೂದಿಲ್ಲ," ಎಂದಳು. ಯಾರೂ ಮಿಸುಕಲಿಲ್ಲ. ನಾನು ಕಣ್ಣು ಮುಚ್ಚಿ ತಯಾರಾದೆ.

ಜಳ್ ಎಂದು ಸದ್ದಾಯಿತು, ನನ್ನ ಮೈ ಒದ್ದೆಯಾಗಲಿಲ್ಲ. ಕಣ್ಣು ಬಿಟ್ಟರೆ ಯಮುನಾ ತಣ್ಣೀರಿನ ಕೊಡವನ್ನು ತಾನೇ ಬಗ್ಗಿಸಿಕೊಂಡು ತಲೆಯ ಮೇಲೆ ಸುರಿದುಕೊಂಡಿದ್ದಳು. ಅರಿಶಿನ ಇಳಿಯುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. "ಕುಂಕುಮ ನಂದು. ನಂಗಿಲ್ಲದ ಹೆದ್ರಿಕೆ ನಿಮಗ್ಯಾಕೆ, ಅತ್ತೆ?" ಎಂದಳು. ಆಮೇಲೆ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ದುರುಗಕ್ಕನ ಕಡೆ ಕೊಡ ಚಾಚಿದಳು. "ಅತ್ತಿಗೆಮ್ಮ, ಬನ್ನಿ. ಇವ್ರಿಗೆ ನೀರು ಹಾಕಿದೋರು ನೀವು. ನೀವೇ ಹಾಕಿ."

ಅಕ್ಕ ಬೇಡ ಬೇಡ ಎಂದು ಹಿಂದೆ ಸರಿದಳು. ಗಂಡ ಸತ್ತವಳು ಈ ಶಾಸ್ತ್ರದ ಹತ್ತಿರ ಸುಳಿಯುವಂತಿಲ್ಲ. ಹೆಂಗಸರ ನಡುವೆ ಗುಸುಗುಸು ಎದ್ದಿತು. ಉಚ್ಚಂಗಪ್ಪನವರು ಚಪ್ಪರದ ಕಂಬ ಹಿಡಿದು ನಿಂತಿದ್ದರು. "ಬನ್ನಿ ತಾಯಿ," ಎಂದರು, "ನಮ್ಮ ಹುಡುಗಿ ಚಳಿಗೆ ನಡುಗ್ತಾ ಐತೆ."

ದುರುಗಕ್ಕ ಬಂದಳು. ಕೊಡ ತೆಗೆದುಕೊಂಡಳು. ತಣ್ಣೀರು ನನ್ನ ನೆತ್ತಿಯಿಂದ ಬೆನ್ನಿಗೆ ಇಳಿಯಿತು. ಬಿಸಿನೀರಿನ ತಂಬಿಗೆಯನ್ನು ಬಸಕ್ಕ ಕೆಳಗಿಟ್ಟಳು, ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅವಳೂ ಬಂದು ಅದೇ ಕೊಡಕ್ಕೆ ಕೈ ಹಚ್ಚಿದಳು.

ಹತ್ತು ನಿಮಿಷ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಓಲಗದವರೂ ಊದುವುದು ಬಿಟ್ಟು ನೋಡಿದರು. ನಾನು ಚಳಿಗೆ ಗಡಗಡ ನಡುಗುತ್ತ ನಗುತ್ತಿದ್ದೆ.

"ತುರಿಸ್ತೈತೇನೋ, ಜಟ್ಟಿ?" ಎಂದಳು ಅಕ್ಕ.

"ಇಲ್ಲಕ್ಕ."

"ಖರೆ ಹೇಳು."

"ಖರೆ, ಅಕ್ಕ. ಇಲ್ಲ."

ಅವಳು ಸುರಗಿಯ ನೂಲಿನ ಒಳಗೆ ಕುಕ್ಕರಿಸಿ ಕೂತು, ನನ್ನ ಒದ್ದೆ ತಲೆ ತಬ್ಬಿಕೊಂಡು ಅತ್ತಳು.

ತಲೆನೋವು: ಇಲ್ಲ. ತುರಿ: ಇಲ್ಲ. ಬೆರಳಿನ ಉರಿ: ಇಲ್ಲ. ತಲೆಸುತ್ತು: ಬೆಳಿಗ್ಗೆಯಿಂದ ಇದೆ. ಕಾರಣ: ಪಕ್ಕದಲ್ಲೇ ಕೂತು ನಾನು ಬರೆಯುವುದನ್ನು ಓದುತ್ತಿದ್ದಾಳೆ. ಮುಂದಿನ ಸೀಸೆ ಯಾವತ್ತು ಎಂದು ಕೇಳುತ್ತಿದ್ದಾಳೆ.

ಭಾನುವಾರ.